ಹಳೇ ಗಾಡಿ ನೋಡಿ ಅದರ ಹಿಂದಿನ ಯುದ್ಧ ಪತ್ತೆ ಮಾಡುವುದು ಹೇಗೆ?

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆ ಗ್ಯಾರೇಜುಗಳ ಹಿಂದೆ ಇಣುಕಿ ನೋಡಿ. ಬಳ್ಳಿ ಹಬ್ಬಿದ ಜೀಪೋ, ಅಂಬಾಸಿಡರೋ, ಪದ್ಮಿನಿಯೋ ಕಣ್ಣಿಗೆ ಬಿದ್ದರೆ ಸುಮ್ನೆ ಫೋಟೋ ತೆಗೆದು ಬರಬೇಡಿ. ಮೊದಲು ಕೇಳಿ: ಇದು ಹುಟ್ಟಿದ ದೇಶದಲ್ಲಿ ಆಗ ಯಾವುದಕ್ಕೆ ಬರ ಇತ್ತು?

ಯಾವುದಾದರೂ ಎಸ್ಟೇಟಿನಲ್ಲಿ ಹಳೇ ಲ್ಯಾಂಡ್ ರೋವರ್ ಇದ್ದರೆ ಒಂದು ಅಯಸ್ಕಾಂತ ಜೇಬಿಗೆ ಹಾಕಿಕೊಂಡು ಹೋಗಿ, ಕೆಟ್ಟ ಸ್ಪೀಕರಿನದ್ದೇ ಸಾಕು. ಮಡ್‌ಗಾರ್ಡಿಗೆ ಹಿಡಿದರೆ ಜಾರಿ ಬೀಳುತ್ತದೆ, ಕೆಳಗೆ ಚಾಸಿಗೆ ಹಿಡಿದರೆ ಟಪ್ ಅಂತ ಕಚ್ಚುತ್ತದೆ. 1948ರಲ್ಲಿ ಆ ಗಾಡಿ ಬಂದಾಗ ಬ್ರಿಟನ್ನಿನಲ್ಲಿ ಉಕ್ಕಿಗೆ ರೇಷನ್, ಅದೂ ಕಾರುಗಳನ್ನು ಹೊರದೇಶಕ್ಕೆ ಮಾರಿ ಡಾಲರ್ ತರುವವರಿಗೇ ಜಾಸ್ತಿ ಪಾಲು. ಹಾಗಾಗಿ ಗಾಡಿಯ ಮೈಗೆ ಅಯಸ್ಕಾಂತ ಕಚ್ಚದ ಅಲ್ಯೂಮಿನಿಯಂ ಬಂತು.

ಆಮೇಲೆ ಗಾಡಿ ಮಾಡಿದ ಕಾರ್ಖಾನೆ ಎರಡನೇ ಮಹಾಯುದ್ಧದಲ್ಲಿ ಏನು ಮಾಡುತ್ತಿತ್ತು ಅಂತ ನೋಡಿ. ವೆಸ್ಪಾ ಸ್ಕೂಟರ್ ಮಾಡಿದ ಇಟಲಿಯ ಪಿಯಾಜಿಯೋ ವಿಮಾನದ ಕಂಪನಿ, ಬಾಂಬಿಗೆ ಅದರ ಕಾರ್ಖಾನೆ ನೆಲಸಮವಾಗಿತ್ತು. 1946ರ ಆ ಸ್ಕೂಟರಿನ ಮುಂದಿನ ಚಕ್ರ ಒಂದೇ ಬದಿಯಿಂದ ಹಿಡಿದಿದೆ ನೋಡಿ, ವಿಮಾನದ ಚಕ್ರದ ಹಾಗೆ. ಬಜಾಜಿನವರು ಮೊದಲು ಲೈಸೆನ್ಸ್ ತೆಗೆದುಕೊಂಡು ಮಾಡಿದ್ದೂ ವೆಸ್ಪಾವನ್ನೇ. ಜಪಾನಿನ ಸುಬಾರು ಕೂಡ ನಕಾಜಿಮಾ ಎಂಬ ವಿಮಾನ ಕಂಪನಿಯ ಬಳಗದಿಂದ ಬಂದದ್ದು.

ಇನ್ನು ಮೊದಲ ಗಿರಾಕಿ ಯಾರು? ಇದನ್ನು ಬಿಡಲೇಬೇಡಿ, ನನ್ನ ಪ್ರಕಾರ ಅಸಲಿ ಕಥೆ ಇರುವುದೇ ಇಲ್ಲಿ. ಜರ್ಮನಿಯ ವೋಲ್ಫ್ಸ್‌ಬರ್ಗಿನ ಫೋಕ್ಸ್‌ವ್ಯಾಗನ್ ಕಾರ್ಖಾನೆಯನ್ನು 1945ರಲ್ಲಿ ಬ್ರಿಟಿಷ್ ಸೇನೆಯ ಮೇಜರ್ ಐವನ್ ಹರ್ಸ್ಟ್ ಮತ್ತೆ ನಡೆಸತೊಡಗಿದರು. 20,000 ಕಾರಿನ ಆರ್ಡರ್ ಕೊಟ್ಟದ್ದು ಸೋತ ಜರ್ಮನಿಯವರಲ್ಲ, ಗೆದ್ದ ಸೇನೆ! ಬೀಟಲ್ ಎಂಬ ಆ ಕಾರು ಹತ್ತು ವರ್ಷಕ್ಕೆ ಹತ್ತು ಲಕ್ಷ ಆಯ್ತು. ದಿವಾಳಿಯ ಅಂಚಿಗೆ ಬಂದಿದ್ದ ಟೊಯೋಟಾವನ್ನು ಎತ್ತಿದ್ದು 1950ರಲ್ಲಿ ಕೊರಿಯಾ ಯುದ್ಧಕ್ಕೆ ಅಮೆರಿಕನ್ ಸೇನೆ ಕೇಳಿದ ಲಾರಿಗಳು. ಫ್ರಾನ್ಸಿನಲ್ಲಂತೂ ಸರ್ಕಾರ 1945ರಲ್ಲಿ ರೆನೋವನ್ನೇ ತನ್ನದಾಗಿಸಿಕೊಂಡಿತು.

ನಮ್ಮಲ್ಲಿ ಕೊರತೆ ವಿದೇಶಿ ಹಣದ್ದು. ಬಿಡಿಭಾಗ ತರಿಸಿ ಬರೀ ಜೋಡಿಸುವವರು ಬೇಡ, ಇಲ್ಲೇ ತಯಾರಿಸುವವರು ಇರಲಿ ಎಂದು 1953ರಲ್ಲಿ ತೀರ್ಮಾನವಾಯಿತು. ಜನರಲ್ ಮೋಟರ್ಸ್, ಫೋರ್ಡ್ ಗಂಟು ಕಟ್ಟಿಕೊಂಡು ಹೊರಟರು. ಉಳಿದವರಲ್ಲಿ ಹಿಂದೂಸ್ತಾನ್ ಮೋಟರ್ಸಿನ ಅಂಬಾಸಿಡರ್ ಮೂಲದಲ್ಲಿ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್, ಪದ್ಮಿನಿ ಇಟಲಿಯ ಫಿಯೆಟ್ 1100, ಮಹೀಂದ್ರಾ ಜೀಪು ಅಮೆರಿಕದ ವಿಲ್ಲಿಸ್. ಪೈಪೋಟಿಯೇ ಇಲ್ಲದಿದ್ದರೆ ಮಾಡೆಲ್ ಬದಲಾಯಿಸುವ ಗರಜು ಯಾರಿಗಿರುತ್ತದೆ, ಅಲ್ವಾ? 1950ರ ದಶಕದ ಆ ಅಂಬಾಸಿಡರ್ 2014ರ ತನಕ ತಯಾರಾಯಿತು.

ಅಯಸ್ಕಾಂತ ಹಿಡಿಯುವ ಮೊದಲು ಒಂದು ಮಾತು. ರಿಪೇರಿಯಲ್ಲಿ ಬೇರೆ ತಗಡು ಹಾಕಿದ್ದರೆ ಪರೀಕ್ಷೆ ತಪ್ಪುತ್ತದೆ; ಯಾವ ತಗಡು ಗುಜರಿಯಿಂದ ಬಂದದ್ದು ಅಂತ ಮಾಲಕನನ್ನಲ್ಲ, ಮೆಕ್ಯಾನಿಕ್ಕನ್ನು ಕೇಳಿ.