ಅಕ್ಷರ ಮಸುಕಾದರೆ ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕಾ?

ಉಡುಪಿ ರಥಬೀದಿಯ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ನೇಮದ ಆಮಂತ್ರಣ, ಇವೇ ಕೆಲಸ. ಒತ್ತಕ್ಷರ ಸರಿಯಾಗಿ ಕಾಣದಿದ್ದರೆ ನನಗೆ ಊಟ ಇಲ್ಲ. ಒಂದು ಮಳೆಗಾಲದಲ್ಲಿ ಪರದೆಯ ಅಕ್ಷರಗಳೆಲ್ಲ ಮಸುಕಾಗಿ, ಪಕ್ಕಕ್ಕೆ ನೆರಳು ಬಿದ್ದ ಹಾಗೆ ಕಾಣತೊಡಗಿದವು. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಹಳತಾಯ್ತು ಎಂದು ನಾನೇ ತೀರ್ಮಾನ ಮಾಡಿದೆ. ಜಿಟಿ 610 ತೆಗೆದು ಜಿಟಿಎಕ್ಸ್ 1050 ಹಾಕಿಸಿದೆ. ನನ್ನ ಮಾನಿಟರ್‌ಗೆ ಹಾಕಿದ್ದದ್ದು ವಿಜಿಎ ಎಂಬ ಹಳೆ ಬಗೆಯ ಕೇಬಲ್. ಹೊಸ ಕಾರ್ಡ್‌ನಲ್ಲಿ ಅದಕ್ಕೆ ಪೋರ್ಟೇ ಇಲ್ಲ. ಅಂಗಡಿಯವರು ಎಚ್‌ಡಿಎಂಐನಿಂದ ವಿಜಿಎಗೆ ಒಂದು ಕನ್ವರ್ಟರ್ ಕೊಟ್ಟರು. ತಂದು ಹಾಕಿದರೆ ಅದೇ ಮಸುಕು ಮಾರಾಯ್ರೆ!

ಎರಡು ದಿನ ಮಂಡೆಬಿಸಿ ಮಾಡಿಕೊಂಡ ಮೇಲೆ ಮಾನಿಟರ್ ತಿರುಗಿಸಿ ಹಿಂದೆ ನೋಡಿದೆ. ಅಲ್ಲೊಂದು ಡಿವಿಐ ಪೋರ್ಟ್, ಪ್ಲಾಸ್ಟಿಕ್ ಮುಚ್ಚಳ ಕೂಡ ತೆಗೆದಿರಲಿಲ್ಲ. ಹಳೆ ಕಾರ್ಡ್‌ನಲ್ಲೂ ಡಿವಿಐ ಇತ್ತು. ಬೇಕಾಗಿದ್ದದ್ದು ಒಂದು ಕೇಬಲ್ ಮಾತ್ರ.

ಹಾಗಾಗಿ ನಿಮ್ಮ ಮೊದಲ ಕೆಲಸ ಕೇಬಲ್ ನೋಡುವುದು. ಡಿವಿಐ, ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್‌ನಲ್ಲಿ ಪರದೆಯ ಪ್ರತಿ ಚುಕ್ಕೆಯ ಬಣ್ಣ ಸಂಖ್ಯೆಯಾಗಿಯೇ ಹೋಗುತ್ತದೆ. ಪತ್ರ ಟೈಪ್ ಮಾಡುವಾಗ ಹಳೆ ಕಾರ್ಡ್ ಕಳಿಸುವ ಸಂಖ್ಯೆಯೂ ಅದೇ, ನಿನ್ನೆ ಕೊಂಡ ಕಾರ್ಡ್ ಕಳಿಸುವುದೂ ಅದೇ. ವಿಜಿಎ ಹಾಗಲ್ಲ. ಬಣ್ಣವನ್ನು ವೋಲ್ಟೇಜ್ ಮಾಡಿ ಕಳಿಸುತ್ತದೆ, ಮಾನಿಟರ್ ಅದನ್ನು ಮತ್ತೆ ಸಂಖ್ಯೆಗೆ ತಿರುಗಿಸಬೇಕು. ಕೇಬಲ್ ಉದ್ದವಾದರೆ, ಪಿನ್‌ಗೆ ಕಿಲುಬು ಹಿಡಿದರೆ ಅಲ್ಲೇ ಕೆಡುತ್ತದೆ. ನಮ್ಮ ಉಪ್ಪುಗಾಳಿಗೆ ಕಿಲುಬು ಹಿಡಿಯದ್ದು ಯಾವುದಿದೆ ಹೇಳಿ? ಕಾರ್ಡ್ ಒಳ್ಳೆಯದಾದರೆ ಅಕ್ಷರವೂ ಚೆಂದ ಎಂಬ ಮಾತು ವಿಜಿಎ ಕಾಲದಲ್ಲಿ ನಿಜವೇ ಆಗಿತ್ತು. ಈಗಲೂ ವಿಜಿಎಯೇ ಗತಿ ಅಂದರೆ, ಪರದೆ ತುಂಬ ಅಕ್ಷರ ತೆರೆದಿಟ್ಟು ಮಾನಿಟರ್‌ನ ‘ಆಟೋ’ ಬಟನ್ ಒತ್ತಿ. ಸ್ವಲ್ಪ ಸುಧಾರಿಸುತ್ತದೆ.

ಎರಡನೆಯದು ರೆಸಲ್ಯೂಶನ್, ಅಂದರೆ ಪರದೆಯಲ್ಲಿ ಅಡ್ಡಕ್ಕೆಷ್ಟು, ಎತ್ತರಕ್ಕೆಷ್ಟು ಚುಕ್ಕೆ ಎಂಬ ಲೆಕ್ಕ. ಮಾನಿಟರ್ 1920×1080ರದ್ದಾದರೆ ವಿಂಡೋಸ್‌ನಲ್ಲೂ ಅದೇ ಇರಬೇಕು. ಅಕ್ಷರ ದೊಡ್ಡದಾಗಲಿ ಎಂದು ಇದನ್ನು ಇಳಿಸುವವರು ಜಾಸ್ತಿ. ನನ್ನ ಭಾವನೂ ಹಾಗೇ ಮಾಡಿದ್ದರು. ಇಳಿಸಿದರೆ ಒಂದು ಚುಕ್ಕೆಯ ಬಣ್ಣ ಪಕ್ಕದ ಚುಕ್ಕೆಗೂ ಹರಡಿ ಎಲ್ಲ ಕಲಸಿಹೋಗುತ್ತದೆ. ದೊಡ್ಡದು ಬೇಕಾದರೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಸ್ಕೇಲಿಂಗ್ 125 ಪರ್ಸೆಂಟ್ ಮಾಡಿ.

ಇನ್ನೂ ಅನುಮಾನವೇ? ಒಂದು ಸ್ಕ್ರೀನ್‌ಶಾಟ್ ತೆಗೆದು ಫೋನ್‌ಗೆ ಕಳಿಸಿ, ದೊಡ್ಡದು ಮಾಡಿ ನೋಡಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬೇಡ, ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಅದರಲ್ಲಿ ಅಕ್ಷರ ಸ್ಪಷ್ಟವಾಗಿದ್ದರೆ ಕಾರ್ಡ್ ಚಿತ್ರವನ್ನು ಸರಿಯಾಗಿಯೇ ಬಿಡಿಸಿದೆ. ತೊಂದರೆ ಇರುವುದು ಹೆಚ್ಚಾಗಿ ಅದರಿಂದಾಚೆ, ಕೇಬಲ್‌ನಲ್ಲಿ ಅಥವಾ ಮಾನಿಟರ್‌ನಲ್ಲಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಮೊದಲೇ ಗೊತ್ತಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು ಅಲ್ವಾ.

ಎಚ್‌ಡಿಎಂಐ ಹಾಕಿದ ಮೇಲೆ ಕಪ್ಪು ಬೂದಿ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಕೆಲವೊಮ್ಮೆ ಕಾರ್ಡ್ ಮಾನಿಟರನ್ನು ಟಿವಿ ಎಂದುಕೊಂಡು, ಕಪ್ಪಿನಿಂದ ಬಿಳಿಯವರೆಗಿನ ಬಣ್ಣದ ಸಂಖ್ಯೆಗಳನ್ನು 0ಯಿಂದ 255ರ ಬದಲು 16ರಿಂದ 235ರ ಒಳಗೆ ಕಳಿಸುತ್ತದೆ. ನನ್ನದರ ಹಾಗೆ ಎನ್‌ವಿಡಿಯಾ ಕಂಪನಿಯ ಕಾರ್ಡ್ ಆದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಔಟ್‌ಪುಟ್ ಡೈನಮಿಕ್ ರೇಂಜ್’ ಅನ್ನು ‘ಫುಲ್’ ಮಾಡಿ.

ಹಾಗಾದರೆ ಹೊಸ ಕಾರ್ಡ್ ಸುಮ್ನೆ ದಂಡವಾ? ಹಾಗೇನಿಲ್ಲ. 1920×1080ರ ನಾಲ್ಕು ಪಟ್ಟು ಚುಕ್ಕೆ ಇರುವ 4ಕೆ ಮಾನಿಟರ್ ತಂದರೆ ಬೇಕಾದೀತು. ಎಚ್‌ಡಿಎಂಐ 1.4 ಇರುವ ಹಳೆ ಕಾರ್ಡ್ 4ಕೆಯನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು, ಮೌಸ್ ಬಾಣವೇ ತಡವರಿಸುತ್ತದೆ. 60 ಬೇಕಾದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಇರಲಿ. 4ಕೆ ವಿಡಿಯೊ ನಿಂತು ನಿಂತು ಓಡಿದರೂ ಕಾರ್ಡ್ ಕಾರಣವಿರಬಹುದು. ವಿಡಿಯೊವನ್ನು ಕುಗ್ಗಿಸಿಡುವ ವಿಪಿ9, ಎವಿ1 ಎಂಬ ಹೊಸ ಬಗೆಗಳನ್ನು ಹಳೆ ಕಾರ್ಡ್‌ನ ಚಿಪ್ ಬಿಚ್ಚಲಾರದು, ಹೊರೆಯೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ನಾನು ಕೊಂಡ 1050 ವಿಪಿ9 ಬಿಚ್ಚುತ್ತದೆ. ಎವಿ1 ಬೇಕಾದರೆ ಎನ್‌ವಿಡಿಯಾದಲ್ಲಿ 2020ರ ಆರ್‌ಟಿಎಕ್ಸ್ 30 ಸರಣಿಯಿಂದ ಮೇಲೆ ನೋಡಬೇಕು.

ನಾನು ಡಿವಿಐ ಕೇಬಲ್ ತಂದು ಹಳೆ 610ಕ್ಕೇ ಸಿಕ್ಕಿಸಿದೆ. ಒತ್ತಕ್ಷರ ಕೊರೆದಿಟ್ಟ ಹಾಗೆ ಕಂಡವು. ಎಂಟು ದಿನ ಆಗಿದ್ದರಿಂದ ಅಂಗಡಿಯವರು 1050 ವಾಪಸ್ ತೆಗೆದುಕೊಳ್ಳಲಿಲ್ಲ. ಈಗ ಅದು ತಂಗಿಯ ಮಗನ ಕಂಪ್ಯೂಟರಿನಲ್ಲಿದೆ. ಅವನಿಗೆ ಗೇಮ್ ಆಡಲು ಹೇಗೂ ಬೇಕಿತ್ತು.