ಕೃಷಿ ಹೊಂಡದ ಶೀಟು, ಲಾರಿಯ ಟ್ಯೂಬು, ಪ್ಲೈವುಡ್ಡಿನ ಮೀನುತೊಟ್ಟಿ

ಆರಡಿ ಉದ್ದದ ಗಾಜಿನ ಅಕ್ವೇರಿಯಂ ಒಂದನ್ನು ಶಿವಮೊಗ್ಗದಿಂದ ತೀರ್ಥಹಳ್ಳಿಯ ಆಚೆಗಿನ ನಮ್ಮ ಮನೆಗೆ, ಅದೂ ಕೊನೆಯ ಮಣ್ಣುರಸ್ತೆಯ ಮೇಲೆ, ಒಡೆಯದಂತೆ ತರುವ ಖರ್ಚನ್ನು ಲೆಕ್ಕ ಹಾಕಿದ ಮೇಲೆ ನಾನು ಪ್ಲೈವುಡ್ಡನ್ನು ಆರಿಸಿಕೊಂಡೆ. ಎದುರಿನ ಕಿಟಕಿಗಷ್ಟೇ ಗಾಜು, ಉಳಿದೆಲ್ಲ ಹಲಗೆ. ಇಂಥ ತೊಟ್ಟಿಯ ಒಳಮೈಗೆ ಸಾಮಾನ್ಯವಾಗಿ ಫೈಬರ್‌ಗ್ಲಾಸ್ ಹಾಸಿ ಎಪಾಕ್ಸಿ ಎಂಬ ರಾಳ ಬಳಿಯುತ್ತಾರೆ. ಅದು ಒಳ್ಳೆಯ ಕ್ರಮವೇ ಆದರೂ ತೇವದ ಹವೆಯಲ್ಲಿ ಎಪಾಕ್ಸಿ ಸರಿಯಾಗಿ ಗಟ್ಟಿಯಾಗದೆ ಮೇಲೆ ಜಿಡ್ಡುಗಟ್ಟುತ್ತದೆ, ಮತ್ತು ಮಲೆನಾಡಿನಲ್ಲಿ ಒಣಹವೆ ವರ್ಷವಿಡೀ ಸಿಗುವ ವಸ್ತುವಲ್ಲ. ನೀರು ತಡೆಯುವ ಶೀಟುಗಳಾದರೋ ಅಡಕೆ ಬೆಳೆಯುವ ನಮ್ಮ ಮನೆಗಳಲ್ಲಿ ಮೂಲೆಗೊಂದು ಬಿದ್ದಿರುತ್ತವೆ. ಹಾಗಾಗಿ ಒಳಮೈಗೆ ಶೀಟನ್ನೇ ಹಾಸುವುದೆಂದುಕೊಂಡೆ.

ಪೆಟ್ಟಿಗೆಯ ಅಳತೆ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. 18 ಮಿ.ಮೀ. ದಪ್ಪದ, ಐಎಸ್ 710 (ಮರೀನ್ ಪ್ಲೈವುಡ್ಡಿನ ಭಾರತೀಯ ಮಾನಕ) ಗುರುತಿನ ಮರೀನ್ ಪ್ಲೈವುಡ್ಡಿನ ಎರಡು ಹಾಳೆಗಳು ಸಾಕಾದವು. ನೀರಿನ ಒತ್ತಡ ನಿರ್ಧಾರವಾಗುವುದು ಎತ್ತರದಿಂದ. ತೊಟ್ಟಿ ಎಷ್ಟು ಅಗಲವಿದೆ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಪೂರ್ತಿ 2 ಅಡಿ ನೀರು ನಿಂತರೆ ಆರಡಿಯ ಒಂದೊಂದು ಗೋಡೆಯ ಮೇಲೂ ಸುಮಾರು 340 ಕಿಲೋ ಭಾರ ಬೀಳುತ್ತದೆ, ಆ ಭಾರದ ಕೇಂದ್ರ ತಳದಿಂದ ಮೂರನೆಯ ಒಂದು ಭಾಗದ ಎತ್ತರದಲ್ಲಿರುತ್ತದೆ. ಆದ್ದರಿಂದ ತಳದ ಕೂಡುಗಳಿಗೆ ಅಂಟು ಹಾಗೂ ನಾಲ್ಕು ಇಂಚಿಗೊಂದರಂತೆ ಸ್ಕ್ರೂ, ಮೇಲಂಚಿಗೆ ಸುತ್ತಲೂ ನಾಲ್ಕಿಂಚಿನ ಪಟ್ಟಿ, ನಡುವೆ ಒಂದು ಅಡ್ಡಪಟ್ಟಿ ಕೊಡಿಸಿದೆ. "ಪೆಟ್ಟಿಗೆ ಗಟ್ಟಿ ಮಾಡಿಕೊಡ್ತೀನಿ, ನೀರಿನ ಜವಾಬ್ದಾರಿ ಮಾತ್ರ ನಿಮ್ದು" ಎಂದು ಆಚಾರ್ರು ಮೊದಲೇ ಹೇಳಿದ್ದರು. ಅವರು ಗೆರೆ ಎಳೆದದ್ದು ಸರಿಯಾದ ಜಾಗದಲ್ಲೇ ಎಂದು ನನಗೂ ಅನಿಸಿತು: ಭಾರ ಹೊರುವುದು ಹಲಗೆಯ ಕೆಲಸ, ನೀರು ತಡೆಯುವುದು ಶೀಟಿನ ಕೆಲಸ. ಶೀಟನ್ನು ಬಿಗಿಯಾಗಿ ಎಳೆದು ಹೊಡೆದರೆ ಹಲಗೆಯ ಕೆಲಸವೂ ಅದರ ಮೇಲೇ ಬಿದ್ದು ಮೂಲೆಯಲ್ಲಿ ಹರಿಯುತ್ತದೆ. ಅದು ಸಡಿಲವಾಗಿದ್ದು ಎಲ್ಲ ಕಡೆಯೂ ಹಲಗೆಗೆ ಒರಗಿ ಕೂರಬೇಕು.

ಶೀಟುಗಳ ಪೈಕಿ ಸಿಲ್ಪಾಲಿನ್ ಎಂಬ ಪ್ಲಾಸ್ಟಿಕ್ ಟಾರ್ಪಾಲು ಚೆನ್ನಾಗಿ ಮಡಚಿಕೊಳ್ಳುತ್ತದೆ. ಆದರೆ ಅದೇ ಮಡಿಕೆಯಲ್ಲಿ ಕಾಲಕ್ರಮೇಣ ಸೂಜಿಮೊನೆಯಷ್ಟು ತೂತು ಬೀಳುವುದನ್ನು ಅಡಕೆ ಒಣಗಿಸುವವರೆಲ್ಲ ಕಂಡಿದ್ದಾರೆ. ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನಿನ ಎಚ್‌ಡಿಪಿಇ (ಒಂದು ಬಗೆಯ ಗಟ್ಟಿ ಪಾಲಿಥೀನ್) ಶೀಟು ಬಿರುಸು, ಹೇಳಿದಂತೆ ಕೇಳುವುದಿಲ್ಲ, ಆದರೆ ಬಾಳಿಕೆ ಬರುತ್ತದೆ. ಅದರದ್ದೇ 7 ಅಡಿಗೆ 11 ಅಡಿಯ ಹೊಸ ತುಂಡನ್ನು ತಂದು, ಮಧ್ಯಾಹ್ನದ ಬಿಸಿಲಿಗೆ ಹರವಿ ಮೆತ್ತಗಾದ ಮೇಲೆ ಒಳಗಿಳಿಸಿ, ಅಡಕೆ ಹಾಳೆಯಿಂದ ಕೊಟ್ಟೆ ಕಟ್ಟುವಂತೆ ಮೂಲೆಗಳನ್ನು ಕತ್ತರಿಸದೆಯೇ ಮಡಚಿದೆ. ಅದಕ್ಕೆ ಮೊದಲು ಸ್ಕ್ರೂಗಳ ತಲೆಗಳನ್ನು ಪುಟ್ಟಿಯಲ್ಲಿ ಮುಚ್ಚಿ, ಒಳಮೂಲೆಗಳಿಗೆ ತ್ರಿಕೋನದ ರೀಪು ಕೂರಿಸಿ, ಹಳೆಯ ಹತ್ತಿಯ ಹೊದಿಕೆಯೊಂದನ್ನು ಹಾಸಿದ್ದೆ. ಹೊಸ ತುಂಡೇ ಏಕೆಂದರೆ, ಮನೆಯ ಹಳೆಯ ಶೀಟುಗಳ ಮೇಲೆ ಅಡಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಬಿದ್ದಿರುವ ಸಂಭವವಿದೆ. ತಾಮ್ರ ಮೀನಿಗೆ ವಿಷ, ಅದರಲ್ಲೂ ನಮ್ಮ ಬಾವಿಗಳಂಥ ಮೆದುನೀರಿನಲ್ಲಿ ಅದರ ಉಪದ್ರವ ಹೆಚ್ಚು.

ನಿಜವಾದ ಕಷ್ಟವಿರುವುದು ಗಾಜಿನ ಅಂಚಿನಲ್ಲಿ. ಅಕ್ವೇರಿಯಂ ಕಟ್ಟುವವರು ಕಣ್ಣುಮುಚ್ಚಿ ನಂಬುವ ಸಿಲಿಕೋನ್ ಪಾಲಿಥೀನಿಗೆ ಹಿಡಿಯುವುದೇ ಇಲ್ಲ. ಒಣಗಿದ ಮೇಲೆ ಉಗುರಿನಲ್ಲಿ ಎತ್ತಿದರೆ ಪಟ್ಟಿಯಾಗಿ ಎದ್ದುಬರುತ್ತದೆ. ಹಾಗಾಗಿ ಅಂಟಿನ ಆಸೆ ಬಿಟ್ಟು ಒತ್ತಡವನ್ನು ನೆಚ್ಚಿಕೊಂಡೆ. ಮುಂದಿನ ಹಲಗೆಯಲ್ಲಿ ಸುತ್ತ ನಾಲ್ಕಿಂಚು ಬಿಟ್ಟು ಕಿಟಕಿ ಕೊರೆಸಿದ್ದೆ. ಅಲ್ಲಿ ಶೀಟನ್ನು ಸೀಳಿ, ಅಂಚನ್ನು ಕಿಟಕಿಯ ಮೂಲಕ ಹೊರಕ್ಕೆ ಮಡಚಿ, ಹೊರಮೈಯಲ್ಲೇ ಪಿನ್ನು ಹೊಡೆದು, ಮೂಲೆಯ ಸೀಳುಗಳು ಗಾಜಿನ ಒತ್ತುಪಟ್ಟಿಯವರೆಗೆ ಬಾರದಂತೆ ನೋಡಿಕೊಂಡೆ. ಹೀಗಿದ್ದರೆ ಹನಿ ಒಸರಿದರೂ ಪ್ಲೈವುಡ್ಡಿನ ಪದರಗಳಿಗೆ ಇಳಿಯದೆ ಎದುರಿಗೇ ಕಾಣುತ್ತದೆ. ಗಾಜು 12 ಮಿ.ಮೀ. ದಪ್ಪದ್ದು, ಕಿಟಕಿಗಿಂತ ಎಲ್ಲ ಕಡೆಯೂ ಎರಡಿಂಚು ದೊಡ್ಡದು, ಒಳಗಿನಿಂದ ಒರಗುವಂಥದ್ದು. ಗಾಜಿಗೂ ಶೀಟಿಗೂ ನಡುವೆ ಪಂಚರ್ ಅಂಗಡಿಯಿಂದ ತಂದ ಲಾರಿಯ ಟ್ಯೂಬಿನ ಪಟ್ಟಿ ಇಟ್ಟೆ. ಟ್ಯೂಬಿನ ಒಳಗಿನ ಬಿಳಿ ಪುಡಿಯನ್ನು ಸೋಪಿಲ್ಲದೆ ತೊಳೆದು, ತುದಿಗಳನ್ನು ಓರೆಯಾಗಿ ಸವರಿ, ಅದೇ ಅಂಗಡಿಯಲ್ಲಿ ಬಿಸಿ ಪ್ಯಾಚು ಹಾಕಿಸಿ ಒಂದೇ ಬಳೆಯಾಗಿಸಿಕೊಂಡಿದ್ದೆ.

ನೀರು ಬಿಡುವ ಮೊದಲು ಪಿವಿಸಿ ಪೈಪಿನ ತುಂಡುಗಳನ್ನು ಹಿಂದಿನ ಗೋಡೆಗೂ ಗಾಜಿಗೂ ನಡುವೆ ಊರಿ, ಎರಡೂ ತುದಿಗೆ ರಬ್ಬರು ಇಟ್ಟು, ಬೆಣೆ ಹೊಡೆದು ಗಾಜನ್ನು ಒತ್ತಿ ಹಿಡಿಸಿದೆ. ಮೊದಲ ನಾಲ್ಕೈದು ಇಂಚಿಗೆ ಕೆಳಗಂಚಿನಲ್ಲಿ ಒಸರು ಕಂಡಿತು; ನೀರು ಏರಿ ಗಾಜನ್ನು ತಾನೇ ಒತ್ತತೊಡಗಿದಂತೆ ನಿಂತುಹೋಯಿತು. 21 ಇಂಚಿಗೆ ನಿಲ್ಲಿಸಿ ಪೈಪುಗಳನ್ನು ತೆಗೆದೆ. ತೊಟ್ಟಿಯನ್ನು ಖಾಲಿ ಮಾಡುವಾಗ ಅವನ್ನು ಮತ್ತೆ ಊರಲೇಬೇಕು, ಇಲ್ಲವಾದರೆ ಗಾಜು ಒಳಕ್ಕೆ ವಾಲುತ್ತದೆ.

ಸುಮಾರು 600 ಲೀಟರ್ ನೀರೆಂದರೆ 600 ಕಿಲೋ. ಅಟ್ಟದ ಮಾತು ಬೇಡ. ನಾನು ಜಗುಲಿಯ ನೆಲದ ಮೇಲೆಯೇ ಜಂಬಿಟ್ಟಿಗೆಯ ಎರಡು ವರಸೆ ಕಟ್ಟಿ, ಮೇಲೆ ಥರ್ಮೋಕೋಲ್ ಹಾಸಿ ಇಟ್ಟಿದ್ದೇನೆ. ಒಂದೆರಡು ಸಲ ನೀರು ಬದಲಿಸಿ, ಫಿಲ್ಟರ್ ಓಡಿಸಿ, ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕಾರು ವಾರ ಬಿಟ್ಟ ನಂತರವೇ ಮೀನು ಬಿಟ್ಟದ್ದು.

ಮಲೆನಾಡಿನಲ್ಲಿ ಪ್ಲೈವುಡ್ಡಿಗೆ ಅಪಾಯ ಒಳಗಿನ ನೀರಿಗಿಂತ ಹೊರಗಿನ ಥಂಡಿಯಿಂದಲೇ ಹೆಚ್ಚು. ಒರಲೆ ಹತ್ತದಿರಲು ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವಂತೆ ಹಿರಿಯರೊಬ್ಬರು ಸೂಚಿಸಿದರು. ಮುಟ್ಟಿದರೆ ಚರ್ಮ ಸುಡುವ ಆ ಎಣ್ಣೆಯನ್ನು ಮೀನಿನ ನೀರಿನ ಹತ್ತಿರ ತರಲು ನನಗೆ ಧೈರ್ಯವಾಗದೆ, ಹೊರಮೈಗೆ ಬೇಸಗೆಯಲ್ಲೇ ಎನಾಮೆಲ್ ಬಳಿಸಿದೆ. ತೊಟ್ಟಿಗೂ ಹಿಂದಿನ ಮನೆಗೋಡೆಗೂ ನಡುವೆ ಗೇಣು ಜಾಗ ಬಿಟ್ಟಿರುವುದರಿಂದ ಗಾಳಿ ಆಡುತ್ತದೆ. ಆಷಾಢದಲ್ಲಿ ಅಲ್ಲಿಗೆ ಕೈ ಹಾಕಿ ಹಲಗೆ ಒದ್ದೆಯಾಗಿದೆಯೇ ಎಂದು ನೋಡಲೂ ಅನುಕೂಲವಾಗಿದೆ.