ಕ್ಯಾಂಪಿನ ಚರಿತ್ರೆಯನ್ನು ಎರಡು ಸಲ ಬರೆದದ್ದು

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ, ಗಂಗಾವತಿ ಸೀಮೆಯಲ್ಲಿ, ನಾನು ಹುಟ್ಟಿ ಬೆಳೆದ ಕ್ಯಾಂಪಿನ ಚರಿತ್ರೆಯನ್ನು ಬರೆಯಲು ಹೊರಟಾಗ ಮೊದಲು ಮಾಡಿದ್ದು ಹಿರಿಯರ ಮಾತನ್ನು ಬರೆದುಕೊಳ್ಳುವ ಕೆಲಸ. 1953ರಲ್ಲಿ ಅಣೆಕಟ್ಟಿನ ನೀರು ಕಾಲುವೆಗೆ ಹರಿದ ಮೇಲೆ ಕೃಷ್ಣಾ, ಗೋದಾವರಿ ಬಯಲಿನಿಂದ ಭತ್ತದ ಬೇಸಾಯ ಬಲ್ಲ ತೆಲುಗು ಕುಟುಂಬಗಳು ಇಲ್ಲಿಗೆ ಬಂದು ಹೊಲ ಕೊಂಡವು. ಹೊಲದಲ್ಲೇ ಗುಡಿಸಲು ಹಾಕಿ ನಿಂತ ನೆಲೆಗಳಿಗೆ ಕ್ಯಾಂಪ್ ಎಂಬ ಹೆಸರು ಅಂಟಿಕೊಂಡು, ಆರ್‌ಸಿಸಿ ಮನೆಗಳು ಎದ್ದ ಮೇಲೂ ಹಾಗೇ ಉಳಿದಿದೆ. ನಮ್ಮ ಹಿರಿಯರೆಲ್ಲ ಒಂದೇ ಮಾತು ಹೇಳಿದರು: ಇಲ್ಲಿ ಬರೀ ಜಾಲಿ ಕಂಟಿ ಇತ್ತು, ನಾವು ಕಡಿದು ಗದ್ದೆ ಮಾಡಿದೆವು. ನಾನೂ ಅದನ್ನೇ ಬರೆದೆ.

ಆ ಬರಹವನ್ನು ಓದಿಸಿಕೊಂಡ ಪಕ್ಕದ ಮೂಲ ಊರಿನ ಹಿರಿಯರೊಬ್ಬರು, ‘ಜಾಲಿ ಅಂತ ಬರದೀರಲ್ರೀ ಸರ, ಅದ್ರಾಗ ನಮ್ಮಪ್ಪ ಜ್ವಾಳ ಬಿತ್ತತಿದ್ದ’ ಎಂದರು. ನಾನು ಕೊಂಡವರನ್ನಷ್ಟೇ ಕೇಳಿದ್ದೆ. ಮಾರಿದವರ ಮನೆಬಾಗಿಲಿಗೆ ಹೋಗಿರಲೇ ಇಲ್ಲ.

ಅಲ್ಲಿಂದ ಕಾಗದಗಳ ಬೆನ್ನು ಹತ್ತಿದೆ. 1956ರವರೆಗೆ ಈ ಸೀಮೆ ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ ಹಳೆಯ ಕಂದಾಯ ಕಾಗದಗಳಲ್ಲಿ ಉರ್ದು ಬರಹವೂ ಫಸಲಿ ಎಂಬ ಕಂದಾಯ ವರ್ಷವೂ ಇರುತ್ತವೆ. ಫಸಲಿಗೆ 590 ಕೂಡಿದರೆ ಇಸವಿ ಸಿಗುತ್ತದೆ, ಆದರೆ ಅದು ಎರಡು ಇಸವಿಗಳ ಮೇಲೆ ಹರಡಿಕೊಳ್ಳುವುದರಿಂದ ತಿಂಗಳನ್ನೂ ನೋಡಬೇಕು. ಇದು ತಿಳಿಯದೆ ಒಂದು ಕ್ರಯಪತ್ರವನ್ನು ನಾನು ಒಂದು ವರ್ಷ ಹಿಂದಕ್ಕೆ ತಳ್ಳಿದ್ದೆ. ಉರ್ದು ಓದಿ ಹೇಳಿದವರು ನಿವೃತ್ತ ಗುಮಾಸ್ತರೊಬ್ಬರು. ಅವರಿಲ್ಲದೆ ಈ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಹಳೆಯ ಪಹಣಿಯ ಬೆಳೆ ಕಾಲಂನಲ್ಲಿ ನಮ್ಮ ಸರ್ವೆ ನಂಬರುಗಳ ಮುಂದೆ ಜೋಳ, ಹತ್ತಿ ಎಂದಿತ್ತು. ಜಾಲಿಯೂ ಸುಳ್ಳಲ್ಲ, ಹಳ್ಳದ ದಂಡೆಯ ಕೆಲವು ನಂಬರುಗಳು ಬೀಳು ಎಂದೇ ದಾಖಲಾಗಿದ್ದವು, ಮತ್ತು ನಮ್ಮ ಹಿರಿಯರ ಮೊದಲ ಗುಡಿಸಲುಗಳು ಅಲ್ಲೇ ಇದ್ದವು.

ನೀರಿನ ಅಧ್ಯಾಯ ಬರೆಯುವುದು ಇದಕ್ಕಿಂತ ಕಷ್ಟವಾಯಿತು. ಎಡದಂಡೆಯ ಯೋಜನೆ ಬಹುಪಾಲು ಜೋಳ, ಹತ್ತಿಯಂಥ, ಕಡಿಮೆ ನೀರು ಸಾಕಾಗುವ ಅರೆನೀರಾವರಿ ಬೆಳೆಗಳಿಗೆಂದು ರೂಪುಗೊಂಡಿತ್ತು. ಮೇಲ್ಭಾಗದವರು ಭತ್ತ ಹಚ್ಚಿದಂತೆಲ್ಲ ಕೊನೆಭಾಗಕ್ಕೆ ನೀರು ಮುಟ್ಟದಾಯಿತು. ನಮ್ಮವರ ಶ್ರಮದ ಜೊತೆಗೆ ಇದನ್ನೂ ಬರೆದದ್ದಕ್ಕೆ ಮನೆಯಲ್ಲೇ ಮುನಿಸು ಕಟ್ಟಿಕೊಂಡೆ. ಆ ಪುಟವನ್ನು ತೆಗೆಯಲಿಲ್ಲ.

ಕೊನೆಗೆ ಒಂದು ನಕ್ಷೆ ಬರೆದೆ. ಮೂಲ ಊರಿನವರು ‘ಹುಣಸಿಗಿಡದ ಹೊಲ’ ಎನ್ನುವುದನ್ನು ನಮ್ಮವರು ‘ಆರನೇ ತೂಬು’ ಎನ್ನುತ್ತಾರೆ. ಎರಡೂ ಹೆಸರನ್ನು ಒಂದೇ ಸರ್ವೆ ನಂಬರಿನ ಕೆಳಗೆ ಬರೆದಿದ್ದೇನೆ.